ಹರ್ಪಿಸ್ ಸೋಂಕಿಗೆ ರಕ್ತನಾಳದ ಔಷಧಿ: ರೋಗಿಗಳಿಗೂ ಜೊತೆಗಿರುವವರಿಗೂ ತಿಳಿದಿರಲಿ

(ಆಸ್ಪತ್ರೆಯ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಲ್ಲಿ ಕುಳಿತಿರುವ ನಿಮ್ಮಲ್ಲಿ ಕೆಲವರ ಕಡೆಯ ರೋಗಿಗಳಿಗೆ ಈಗ ದಿನಕ್ಕೆ ಮೂರು ಹೊತ್ತು ‘ಏಸೈಕ್ಲೋವಿರ್’ ಎಂಬ ಔಷಧಿಯನ್ನು ಡ್ರಿಪ್ ಮೂಲಕ ಕೊಡಲಾಗುತ್ತಿದೆ. ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಓಡಾಡುವವರು ನೀವು, ರಾತ್ರಿಯಿಡೀ ಮಂಚದ ಪಕ್ಕ ಕುಳಿತು ಬಾಟಲಿಯ ಹನಿ ನೋಡುವವರೂ ನೀವೇ. ಡಾಕ್ಟರು ದಿನಕ್ಕೆ ಎರಡು ಸಲ ಬರುತ್ತಾರೆ. ಸಿಸ್ಟರ್ ಅವರಿಗೆ ನೋಡಿಕೊಳ್ಳಬೇಕಾದ ಹಾಸಿಗೆಗಳು ಹಲವು. ನೀವು ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಅಲ್ಲೇ ಇರುತ್ತೀರಿ. ಹಾಗಾಗಿ ಈ ಔಷಧಿಯ ಗುಣವೇನು, ಅಪಾಯವೇನು ಎಂಬುದು ನಿಮಗೆ ಗೊತ್ತಿದ್ದರೆ ರೋಗಿಗೆ ಬಹಳ ಉಪಕಾರ.

ಮೊದಲು ಒಂದು ಸಂಕೋಚದ ವಿಷಯ ಮಾತಾಡಿಬಿಡೋಣ. ಕೇಸ್ ಶೀಟಿನಲ್ಲಿ ‘ಹರ್ಪಿಸ್’ ಎಂಬ ಪದ ನೋಡಿದ ಕೂಡಲೇ ಕೆಲವರ ಮುಖ ಬಿಳಿಚಿಕೊಳ್ಳುತ್ತದೆ. ಅದು ಕೆಟ್ಟ ನಡತೆಯಿಂದ ಬರುವ ಗುಹ್ಯರೋಗ ಎಂದು ಯಾರೋ ಹೇಳಿರುತ್ತಾರೆ. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಅನುಮಾನಿಸಿ, ರೋಗಿ ಪ್ರಜ್ಞೆಯಿಲ್ಲದೆ ಮಲಗಿರುವಾಗಲೇ ವರಾಂಡದಲ್ಲಿ ಜಗಳ ಆಗುವುದುಂಟು. ದಯವಿಟ್ಟು ಕೇಳಿ. ಹರ್ಪಿಸ್ ಎಂಬುದು ಒಂದು ವೈರಸ್ ಅಲ್ಲ, ಒಂದು ಮನೆತನ. ಅದರಲ್ಲಿ ಮನುಷ್ಯರನ್ನು ಕಾಡುವವು ಎಂಟು. ಜ್ವರ ಬಂದು ಹೋದಾಗ ತುಟಿಯ ಅಂಚಿನಲ್ಲಿ ಏಳುವ ನೀರ್ಗುಳ್ಳೆ ಈ ಮನೆತನದ್ದೇ. ಮಕ್ಕಳಿಗೆ ಬರುವ ಸೀತಾಳೆ ಸಿಡುಬು, ಅಂದರೆ ನಾವು ‘ಅಮ್ಮ’ ಎನ್ನುತ್ತೇವಲ್ಲ, ಅದೂ ಇದೇ ಮನೆತನದ್ದು. ವಯಸ್ಸಾದವರಿಗೆ ಪಕ್ಕೆಯಲ್ಲಿ ಸುಡುವ ಸರ್ಪಸುತ್ತು ಕೂಡ. ತುಟಿಯ ಗುಳ್ಳೆಯ ವೈರಸ್ ಜಗತ್ತಿನಲ್ಲಿ 50 ವರ್ಷದೊಳಗಿನವರ ಪೈಕಿ ಮೂರರಲ್ಲಿ ಸುಮಾರು ಎರಡು ಪಾಲು ಜನರ ದೇಹದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರಿಗೆ ಅದು ಅಂಟುವುದು ಚಿಕ್ಕಂದಿನಲ್ಲಿ, ಮನೆಯ ದೊಡ್ಡವರು ಮುದ್ದು ಮಾಡುವಾಗ. ವಯಸ್ಕರ ಮಿದುಳಿಗೆ ಏರುವ ಹರ್ಪಿಸ್ ಸಾಮಾನ್ಯವಾಗಿ ಈ ತುಟಿಯ ವೈರಸ್ಸೇ. ಇದರಲ್ಲಿ ಯಾರ ನಡತೆಯ ಮಾತೂ ಇಲ್ಲ. ಗುಹ್ಯಾಂಗದ ಹರ್ಪಿಸ್ ಇದ್ದರೂ ಅದು ಒಂದು ಸೋಂಕು ಅಷ್ಟೆ. ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅದರಲ್ಲೂ ಬಸುರಿಯರು ಹೇಳಲೇಬೇಕು.

ಎಲ್ಲಾ ಹರ್ಪಿಸ್‌ಗೂ ಡ್ರಿಪ್ ಬೇಕೇ?

ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಮಾತ್ರೆಗಿಂತ ಬಾಟಲಿ ಹಾಕಿಸಿದರೆ ಬೇಗ ವಾಸಿ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತುಟಿಯ ಗುಳ್ಳೆಗೆ ಹಲವರಿಗೆ ಔಷಧಿಯೇ ಬೇಕಾಗುವುದಿಲ್ಲ. ಸಾಮಾನ್ಯ ಸರ್ಪಸುತ್ತಿಗೆ ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿದರೆ ಸಾಕು.

ಸರ್ಪಸುತ್ತಿನ ವಿಷಯದಲ್ಲಿ ಆ 72 ಗಂಟೆ ಹೇಗೆ ಕಳೆದುಹೋಗುತ್ತದೆ ಎಂದು ನಿಮಗೇ ಗೊತ್ತು. ಮೊದಲ ದಿನ ಕೆಮ್ಮಣ್ಣು ಅರೆದು ಹಚ್ಚುತ್ತಾರೆ. ಎರಡನೆಯ ದಿನ ‘ಸರ್ಪದ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ’ ಎಂದು ಯಾರೋ ಹೆದರಿಸುತ್ತಾರೆ. ಮೂರನೆಯ ದಿನ ದೋಷ ಪರಿಹಾರಕ್ಕೆ ಓಡಾಟ. ಈ ರೋಗದ ಹೆಸರಿನಲ್ಲೊಂದು ಸ್ವಾರಸ್ಯವಿದೆ. ‘ಹರ್ಪಿಸ್’ ಎಂಬುದು ‘ತೆವಳುವುದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ನಮ್ಮ ‘ಸರ್ಪ’ ಶಬ್ದವೂ ಅದೇ ಮೂಲದ್ದು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎರಡು ಕಡೆಯ ಹಿರಿಯರಿಗೂ ಒಂದೇ ಹೋಲಿಕೆ ಹೊಳೆದಿದೆ. ಆದರೆ ಅಲ್ಲಿರುವುದು ಹಾವಲ್ಲ, ಹಳೆಯ ಸೀತಾಳೆ ಸಿಡುಬಿನ ವೈರಸ್. ಚಿಕ್ಕಂದಿನಲ್ಲಿ ಅಮ್ಮ ಬಂದು ಹೋದ ಮೇಲೆ ಅದು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಅಡಗಿ ಕುಳಿತಿರುತ್ತದೆ. ವಯಸ್ಸಾದಾಗ, ಅಥವಾ ದೇಹದ ಶಕ್ತಿ ಕುಂದಿದಾಗ, ಅದೇ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಒಂದು ನರ ದೇಹದ ಒಂದೇ ಪಕ್ಕಕ್ಕೆ ಹೋಗುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ತಲೆ ಬಾಲ ಕೂಡುವ ಭಯ ಇಟ್ಟುಕೊಳ್ಳಬೇಡಿ. ಪೂಜೆ ಮಾಡಿಸುವುದಾದರೆ ಮಾಡಿಸಿ, ನಾನು ಬೇಡ ಎನ್ನುವುದಿಲ್ಲ, ಆದರೆ ಅದಕ್ಕೆ ಮುಂಚೆ ಅದೇ ದಿನ ಮಾತ್ರೆ ಶುರುವಾಗಿರಲಿ. ಒಡೆದ ಗುಳ್ಳೆಯ ಮೇಲೆ ಮಣ್ಣು, ಸೊಪ್ಪಿನ ರಸ ಹಚ್ಚಿದರೆ ಕೀವಾಗುತ್ತದೆ. ಹಣೆ, ಕಣ್ಣುರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯವಿದೆ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ನಮ್ಮ ಊರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆ ಇದೆ, ದುಡ್ಡಿಲ್ಲ ಎಂದು ತಡಮಾಡುವ ಕಾರಣವಿಲ್ಲ.

ಹಾಗಾದರೆ ರಕ್ತನಾಳದ ಮೂಲಕ ಯಾರಿಗೆ? ಹರ್ಪಿಸ್ ಮಿದುಳಿಗೆ ಏರಿದವರಿಗೆ. ಕಿದ್ವಾಯಿ ಆಸ್ಪತ್ರೆಯಂಥ ಕಡೆ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿಗೆ, ಕಿಡ್ನಿ ಕಸಿ ಆದವರಿಗೆ, ಎಚ್.ಐ.ವಿ. ಇರುವವರಿಗೆ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಸರ್ಪಸುತ್ತು ಮೈಯೆಲ್ಲಾ ಹರಡಿದಾಗ. ದೊಡ್ಡವರಿಗೆ ಅಮ್ಮ ಬಂದು ಉಸಿರಾಟಕ್ಕೆ ತೊಂದರೆಯಾದಾಗ. ಹುಟ್ಟಿದ ಕೆಲವೇ ವಾರದ ಕೂಸಿಗೆ ಹರ್ಪಿಸ್ ತಗುಲಿದಾಗ. ಈ ಕೊನೆಯದಕ್ಕೆ ಸೇರಿದ ಮಾತು: ತುಟಿಯಲ್ಲಿ ಗುಳ್ಳೆ ಇರುವವರು, ಅಜ್ಜಿಯಾಗಲಿ ಸೋದರಮಾವನಾಗಲಿ, ಹಸುಗೂಸಿಗೆ ಮುತ್ತು ಕೊಡಬಾರದು. ನಾಮಕರಣದ ಮನೆಯಲ್ಲಿ ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರಬಹುದು, ಬಂದರೆ ಬರಲಿ.

ನುಂಗಿದ ಏಸೈಕ್ಲೋವಿರ್ ಮಾತ್ರೆಯಲ್ಲಿ ರಕ್ತಕ್ಕೆ ಸೇರುವುದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಮಾತ್ರ. ಮಿದುಳಿನೊಳಕ್ಕೆ ಸಾಕಷ್ಟು ಔಷಧಿ ಹೋಗಬೇಕಾದರೆ ನೇರವಾಗಿ ರಕ್ತನಾಳಕ್ಕೇ ಕೊಡಬೇಕು. ಡ್ರಿಪ್ ಹಾಕುವ ಕಾರಣ ಇಷ್ಟೆ.

ಮಿದುಳುಜ್ವರ: ತಡ ಮಾಡಬಾರದ ಕಾಯಿಲೆ

ಹರ್ಪಿಸ್ ಮಿದುಳುಜ್ವರ ಅಪರೂಪದ್ದು. ಹೊರದೇಶಗಳ ಲೆಕ್ಕದಂತೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಮಂದಿಗೆ ಬರುತ್ತದೆ. ಆದರೆ ಬಂದ ಮನೆಗೆ ಅದು ಅಪರೂಪವಲ್ಲ. ಜ್ವರ, ತಲೆನೋವು ಶುರುವಾಗಿ ಎರಡು ಮೂರು ದಿನಕ್ಕೆ ಮನುಷ್ಯ ಬದಲಾಗುತ್ತಾನೆ. ಮಗಳ ಹೆಸರು ಮರೆಯುತ್ತಾನೆ. ಮಾತು ತೊದಲುತ್ತದೆ. ಇಲ್ಲದ ವಾಸನೆ ಬರುತ್ತಿದೆ ಎನ್ನುತ್ತಾನೆ. ಶಾಂತವಾಗಿದ್ದವನು ಸಿಡಿಮಿಡಿಗೊಳ್ಳುತ್ತಾನೆ. ಆಮೇಲೆ ಫಿಟ್ಸ್. ‘ಗಾಳಿ ಸೋಕಿದೆ’, ‘ಆಫೀಸಿನ ಚಿಂತೆ ತಲೆಗೆ ಹತ್ತಿದೆ’ ಎಂದು ದಿನ ಕಳೆಯುವುದು ಇಲ್ಲೇ. ಜ್ವರದ ಜೊತೆ ನಡವಳಿಕೆ ಬದಲಾದರೆ ಅದೇ ಗಂಟೆ ಆಸ್ಪತ್ರೆಗೆ ಹೊರಡಿ.

ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ನಮಗೆ, ಅಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಕಡೆಯವರಿಗೆ ಹತ್ತಿರದಲ್ಲೇ ಇದೆ. ಅಲ್ಲಿಗೆ ಕಳಿಸುತ್ತೇವೆ ಎಂದರೆ ‘ನಮ್ಮವರಿಗೆ ಹುಚ್ಚಿಲ್ಲ ಸ್ವಾಮಿ’ ಎನ್ನುವವರು ಇನ್ನೂ ಇದ್ದಾರೆ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಹೆಸರಿನಲ್ಲೇ ಮನಸ್ಸಿನ ಜೊತೆ ನರವಿಜ್ಞಾನವೂ ಇದೆ. ಪಾರ್ಶ್ವವಾಯು, ಫಿಟ್ಸ್, ತಲೆಪೆಟ್ಟು, ಮಿದುಳುಜ್ವರ ಎಲ್ಲಕ್ಕೂ ಅಲ್ಲಿ ಚಿಕಿತ್ಸೆಯಿದೆ. ಮಿದುಳಿನ ವೈರಸ್‌ಗಳನ್ನೇ ಪರೀಕ್ಷಿಸುವ ನ್ಯೂರೋವೈರಾಲಜಿ ವಿಭಾಗವೂ ಅಲ್ಲಿದೆ. ನಮ್ಮ ರಾಜ್ಯದ ಕೋಲಾರ, ಮಂಡ್ಯ, ಬಳ್ಳಾರಿ ಕಡೆ ಸೊಳ್ಳೆಯಿಂದ ಬರುವ ಜಪಾನೀಸ್ ಮಿದುಳುಜ್ವರವೂ ಇರುವುದರಿಂದ, ಯಾವ ವೈರಸ್ ಎಂದು ಗುರುತಿಸುವುದು ಇಲ್ಲಿ ಮುಖ್ಯ.

ಅದಕ್ಕಾಗಿ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಬೆನ್ನಿನ ನೀರು ತೆಗೆದರೆ ಸೊಂಟ ಬೀಳುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಸೂಜಿ ಚುಚ್ಚುವ ಜಾಗ ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗ. ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಡಾಕ್ಟರು ಏಸೈಕ್ಲೋವಿರ್ ಶುರುಮಾಡುತ್ತಾರೆ. ‘ರೋಗ ಗೊತ್ತಾಗದೆ ಔಷಧಿ ಹಾಕುತ್ತಿದ್ದಾರೆ’ ಎಂದು ಬೇಸರ ಬೇಡ. ಚಿಕಿತ್ಸೆ ಇಲ್ಲದಿದ್ದರೆ ಈ ಕಾಯಿಲೆಯಲ್ಲಿ 100ಕ್ಕೆ ಸುಮಾರು 70 ಮಂದಿ ಸಾಯುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಔಷಧಿ ಪಡೆದವರಲ್ಲಿ 100ಕ್ಕೆ 54 ಮಂದಿ, ಏಸೈಕ್ಲೋವಿರ್ ಪಡೆದವರಲ್ಲಿ 28 ಮಂದಿ ತೀರಿಕೊಂಡರು. ಬೇಗ ಶುರುವಾದಷ್ಟೂ, ಪ್ರಜ್ಞೆ ಪೂರಾ ಹೋಗುವ ಮೊದಲೇ ಶುರುವಾದಷ್ಟೂ ಫಲ ಚೆನ್ನಾಗಿರುತ್ತದೆ. ಮೊದಲ ಎರಡು ಮೂರು ದಿನದ ಪರೀಕ್ಷೆಯಲ್ಲಿ ವೈರಸ್ ಸಿಗದೆ ಹೋಗುವುದೂ ಉಂಟು, ಆಗ ಬೆನ್ನುನೀರನ್ನು ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಕೊನೆಗೆ ಬೇರೆ ಕಾಯಿಲೆ ಎಂದು ಖಚಿತವಾದರೆ ಔಷಧಿ ನಿಲ್ಲಿಸುತ್ತಾರೆ. ಜಪಾನೀಸ್ ಮಿದುಳುಜ್ವರದ ವೈರಸ್ಸಿನ ಮೇಲೆ ಏಸೈಕ್ಲೋವಿರ್ ಕೆಲಸ ಮಾಡುವುದಿಲ್ಲ. ‘ಆಸೆ ಬಿಟ್ಟು ಔಷಧಿ ನಿಲ್ಲಿಸಿದರು’ ಎಂದು ಆಗ ತಿಳಿಯಬೇಡಿ.

ಈ ಔಷಧಿಯನ್ನು ಕಂಡುಹಿಡಿದ ತಂಡದ ಮುಂದಾಳು ಗರ್ಟ್ರೂಡ್ ಎಲಿಯನ್ ಎಂಬ ಅಮೆರಿಕದ ಮಹಿಳೆ. 15ನೆಯ ವಯಸ್ಸಿನಲ್ಲಿ ತಾತ ಕ್ಯಾನ್ಸರ್‌ನಿಂದ ನರಳಿದ್ದನ್ನು ನೋಡಿ ವಿಜ್ಞಾನ ಓದಲು ಹೊರಟವರು. 1988ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು. ಅವರ ಔಷಧಿ ಕೆಲಸ ಮಾಡುವ ರೀತಿ ಜಾಣತನದ್ದು. ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದು ಸರಪಳಿಯ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿದ ಹಾಗೆ. ಏಸೈಕ್ಲೋವಿರ್ ನೋಡಲು ಒಂದು ಕೊಂಡಿಯಂತೆಯೇ ಇರುತ್ತದೆ, ಆದರೆ ಅದರ ಮುಂದಕ್ಕೆ ಇನ್ನೊಂದನ್ನು ಸಿಕ್ಕಿಸಲು ಜಾಗವಿಲ್ಲ. ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಚುರುಕುಗೊಳಿಸುವ ಕೆಲಸವನ್ನು ವೈರಸ್ಸಿನದೇ ಒಂದು ಕಿಣ್ವ ಮಾಡುತ್ತದೆ. ಹಾಗಾಗಿ ಸೋಂಕಿಲ್ಲದ ಜೀವಕೋಶಗಳಿಗೆ ಅದರಿಂದ ತೊಂದರೆ ಕಡಿಮೆ.

ಅಪಾಯ ಎಲ್ಲಿ?

ಅಪಾಯ ಬರುವುದು ಔಷಧಿ ದೇಹದಿಂದ ಹೊರಗೆ ಹೋಗುವಾಗ. ಏಸೈಕ್ಲೋವಿರ್‌ನ ಬಹುಪಾಲು ರೂಪ ಬದಲಾಗದೆ ಕಿಡ್ನಿಯ ಮೂಲಕ ಮೂತ್ರದಲ್ಲಿ ಹೋಗುತ್ತದೆ. ಇದು ನೀರಿನಲ್ಲಿ ಸುಲಭವಾಗಿ ಕರಗುವ ಪದಾರ್ಥವಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ದೇಹದಲ್ಲಿ ನೀರು ಕಡಿಮೆಯಿದ್ದು, ಔಷಧಿ ಒಮ್ಮೆಗೇ ಹೆಚ್ಚಾಗಿ ಬಂದರೆ, ಕಿಡ್ನಿಯ ಸೂಕ್ಷ್ಮ ನಳಿಕೆಗಳಲ್ಲಿ ಹೀಗೆಯೇ ಹರಳು ಕಟ್ಟುತ್ತದೆ. ಮೂತ್ರ ಕಡಿಮೆಯಾಗುತ್ತದೆ, ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಇದು ಸಾಮಾನ್ಯವಾಗಿ ಔಷಧಿ ಶುರುವಾದ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ಬೇಗ ಕಂಡುಹಿಡಿದರೆ ಹೆಚ್ಚಿನವರ ಕಿಡ್ನಿ ಮೊದಲಿನ ಸ್ಥಿತಿಗೆ ಬರುತ್ತದೆ.

ಆದ್ದರಿಂದಲೇ ಒಂದು ಗಂಟೆಯ ನಿಯಮ. ಪ್ರತಿ ಡೋಸನ್ನೂ ಕಡಿಮೆಯೆಂದರೆ ಒಂದು ಗಂಟೆ ಕಾಲ ನಿಧಾನವಾಗಿ ಹರಿಸಬೇಕು. ಸಿರಿಂಜಿನಿಂದ ಒಮ್ಮೆಗೇ ಕೊಡುವಂತಿಲ್ಲ, ಸೊಂಟಕ್ಕೆ ಕೊಡುವಂತಿಲ್ಲ. ಇಲ್ಲಿ ನಿಮಗೊಂದು ಕೈಮುಗಿದ ವಿನಂತಿ. ಡ್ರಿಪ್ಪಿನ ನಳಿಕೆಯ ಮೇಲೆ ಚಿಕ್ಕ ಚಕ್ರವೊಂದಿದೆಯಲ್ಲ, ಅದನ್ನು ನೀವು ಮುಟ್ಟಬೇಡಿ. ‘ಸ್ನಾನಕ್ಕೆ ಹೊತ್ತಾಯಿತು’, ‘ಊಟ ತಣ್ಣಗಾಗುತ್ತದೆ’, ‘ಸ್ಕ್ಯಾನಿಂಗಿಗೆ ಕರೆದರು’, ಹೀಗೆ ಏನಾದರೊಂದು ಕಾರಣಕ್ಕೆ ಚಕ್ರ ತಿರುಗಿಸಿ ಕಾಲು ಗಂಟೆಯಲ್ಲಿ ಬಾಟಲಿ ಖಾಲಿ ಮಾಡುವವರು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಉಪ್ಪುನೀರಿನ ಬಾಟಲಿಯಾಗಿದ್ದರೆ ಹೇಗೋ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ. 100 ಮಿ.ಲೀ. ಬಾಟಲಿ ಒಂದು ಗಂಟೆ ಬರಬೇಕಾದರೆ, 20 ಹನಿಗೆ 1 ಮಿ.ಲೀ. ಬೀಳುವ ಸಾಮಾನ್ಯ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 33 ಹನಿ. ಗಡಿಯಾರ ಹಿಡಿದು ಎಣಿಸಿ. ಹನಿ ಬಹಳ ಜೋರಾಗಿದ್ದರೆ, ಅಥವಾ ನಿಂತೇ ಹೋಗಿದ್ದರೆ, ನೀವೇ ಸರಿಪಡಿಸದೆ ಸಿಸ್ಟರ್ ಅವರನ್ನು ಕರೆಯಿರಿ. ನಡುರಾತ್ರಿಯಾದರೂ ಕರೆಯಿರಿ, ಅವರೇನೂ ಬೈಯುವುದಿಲ್ಲ.

ಎರಡನೆಯದು ನೀರು. ರೋಗಿಯ ದೇಹದಲ್ಲಿ ನೀರಿನ ಅಂಶ ಚೆನ್ನಾಗಿರಬೇಕು. ವಾಂತಿ ಭೇದಿ ಆಗಿದ್ದವರಿಗೆ, ಜ್ವರದಲ್ಲಿ ಬೆವರಿದವರಿಗೆ ಡಾಕ್ಟರು ಮೊದಲೇ ಬೇರೆ ಡ್ರಿಪ್ ಕೊಡುತ್ತಾರೆ. ಕುಡಿಯಬಲ್ಲವರಿಗೆ ನೀರು, ಮಜ್ಜಿಗೆ, ಗಂಜಿ ಆಗಾಗ ಕೊಡುತ್ತಿರಿ. ಆದರೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಹೃದಯ ದುರ್ಬಲವಾಗಿರುವವರಿಗೆ, ಕಿಡ್ನಿ ಸೋತವರಿಗೆ ಹೆಚ್ಚು ನೀರು ಕೊಟ್ಟರೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಎಷ್ಟು ಕೊಡಬೇಕೆಂದು ಬೆಳಗಿನ ರೌಂಡ್ಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ರೋಗಿಯನ್ನು ನೋಡಲು ಬಂದವರೆಲ್ಲ ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕ್ರಿಯಾಟಿನಿನ್ ಏರಿರುವವರಿಗೆ ಅದು ಹೃದಯದ ಬಡಿತಕ್ಕೇ ತೊಂದರೆ ಮಾಡಬಹುದು. ಕೇಳದೆ ಕೊಡಬೇಡಿ. ಪೂರ್ಣ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಕುಡಿದದ್ದಕ್ಕಿಂತ ಹೋದದ್ದರ ಲೆಕ್ಕ ಮುಖ್ಯ. ಮೂತ್ರದ ಚೀಲ ತುಂಬಿದಾಗ ಉಪಕಾರವಾಗಲೆಂದು ಕೆಲವರು ತಾವೇ ಬಕೆಟ್ಟಿಗೆ ಸುರಿದುಬಿಡುತ್ತಾರೆ. ಲೆಕ್ಕ ಅಲ್ಲಿಗೆ ಹೋಯಿತು! ಅಳತೆ ನೋಡಿ, ಬರೆದು, ಆಮೇಲೆ ಚೆಲ್ಲಿ. ಬಾತ್‌ರೂಮಿಗೆ ನಡೆದು ಹೋಗುವವರೂ ಅಳತೆಯ ಪಾತ್ರೆಯಲ್ಲೇ ಮಾಡಲಿ. ನಿನ್ನೆಗಿಂತ ಮೂತ್ರ ಬಹಳ ಕಡಿಮೆಯಾಯಿತು ಎನ್ನಿಸಿದರೆ, ಸೊಂಟದ ಪಕ್ಕದಲ್ಲಿ ನೋವು, ವಾಕರಿಕೆ ಶುರುವಾದರೆ, ಮುಂದಿನ ಡೋಸಿಗೆ ಮೊದಲೇ ತಿಳಿಸಿ. ಆಗಾಗ ರಕ್ತ ತೆಗೆಯುವುದು ಕ್ರಿಯಾಟಿನಿನ್ ನೋಡಲಿಕ್ಕೆ. ‘ದಿನಾ ರಕ್ತ ಹೀರುತ್ತಾರೆ’ ಎಂದು ತಡೆಯಬೇಡಿ.

ಮೂರನೆಯದು ನೋವಿನ ಮಾತ್ರೆ. ಸರ್ಪಸುತ್ತಿನ ಉರಿ ಅನುಭವಿಸಿದವರಿಗೇ ಗೊತ್ತು. ನೋಡಲಾರದೆ ನೀವು ಹೊರಗಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಟ್ಟರೆ ಏಸೈಕ್ಲೋವಿರ್ ಜೊತೆ ಸೇರಿ ಕಿಡ್ನಿಗೆ ಎರಡು ಪೆಟ್ಟು. ನರದ ಉರಿಗೆ ಬೇರೆ ಔಷಧಿಗಳಿವೆ, ಕೇಳಿದರೆ ಬರೆದುಕೊಡುತ್ತಾರೆ. ಕಸಿ ಆದವರ ಮಾತ್ರೆಗಳು, ಬೇರೆ ಆಸ್ಪತ್ರೆಯಲ್ಲಿ ಹಾಕಿಸಿದ ಆಂಟಿಬಯಾಟಿಕ್ ಇಂಜೆಕ್ಷನ್, ನಾಟಿ ಔಷಧಿ, ಭಸ್ಮ, ಕಷಾಯ, ಏನೇ ತೆಗೆದುಕೊಂಡಿದ್ದರೂ ಹೇಳಿ. ಹಳೆಯ ಚೀಟಿಗಳ ಚೀಲವನ್ನೇ ತಂದು ಡಾಕ್ಟರ ಮುಂದೆ ಸುರಿದರೂ ಸಂತೋಷ.

ಡಯಾಲಿಸಿಸ್‌ನಲ್ಲಿರುವವರ ಕಡೆಯವರು ಗಮನವಿಟ್ಟು ಕೇಳಬೇಕು. ಆರೋಗ್ಯವಂತರ ರಕ್ತದಲ್ಲಿ ಈ ಔಷಧಿ ಎರಡೂವರೆ ಮೂರು ಗಂಟೆಯಲ್ಲಿ ಅರ್ಧವಾಗುತ್ತದೆ. ಕಿಡ್ನಿ ಪೂರ್ತಿ ಸೋತವರಲ್ಲಿ ಅರ್ಧವಾಗಲು ಸುಮಾರು 20 ಗಂಟೆ ಬೇಕು. ಅವರಿಗೆ ಮೂರು ಹೊತ್ತಿನ ಬದಲು ದಿನಕ್ಕೆ ಒಂದೇ ಹೊತ್ತು, ಅದೂ ಅರ್ಧ ಅಳತೆ, ಡಯಾಲಿಸಿಸ್ ದಿನ ಅದು ಮುಗಿದ ಮೇಲೆ. ‘ಪಕ್ಕದ ಹಾಸಿಗೆಯವರಿಗೆ ಮೂರು ಬಾಟಲಿ, ನಮಗೆ ಒಂದೇ’ ಎಂದು ಜಗಳವಾಡುವ ಜಾಗವಲ್ಲ ಇದು. ಅಳತೆ ಮೀರಿದರೆ ಔಷಧಿ ಮಿದುಳಿಗೆ ಏರುತ್ತದೆ. ಒಂದರಿಂದ ಮೂರು ದಿನದಲ್ಲಿ ರೋಗಿ ತೊದಲುತ್ತಾರೆ, ಕೈ ನಡುಗುತ್ತದೆ, ಅಲ್ಲಿಲ್ಲದವರ ಜೊತೆ ಮಾತಾಡುತ್ತಾರೆ, ‘ನಾನು ಸತ್ತುಹೋಗಿದ್ದೇನೆ’ ಎಂದವರೂ ಇದ್ದಾರೆ ಎಂದು ವೈದ್ಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಮನೆಯವರು ಇದನ್ನು ಕಾಯಿಲೆ ಉಲ್ಬಣಿಸಿತು ಎಂದೋ ಇನ್ನೇನೋ ಎಂದೋ ತಿಳಿಯುತ್ತಾರೆ. ಔಷಧಿ ನಿಲ್ಲಿಸಿ ಡಯಾಲಿಸಿಸ್ ಮಾಡಿದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಸರಿಹೋಗುತ್ತಾರೆ. ಮಾತ್ರೆಯಿಂದಲೂ ಇದು ಆಗುತ್ತದೆ. ಸರ್ಪಸುತ್ತಿಗೆಂದು 800 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಐದು ಸಲ ಬರೆಯುವುದು ಕಿಡ್ನಿ ಸರಿಯಿರುವವರಿಗೆ. ಆ ಚೀಟಿಯನ್ನು ಡಯಾಲಿಸಿಸ್ ರೋಗಿಗೆ ಬಳಸಿದರೆ ಅನಾಹುತ. ಹೊಸ ಡಾಕ್ಟರರ ಹತ್ತಿರ ಹೋದಾಗ ಮೊದಲ ಮಾತೇ ‘ನಮಗೆ ಕಿಡ್ನಿ ತೊಂದರೆ ಇದೆ’ ಎಂದಾಗಿರಲಿ. ಶುಗರ್, ಬಿ.ಪಿ. ಹಳೆಯದಾಗಿದ್ದು ಕಿಡ್ನಿ ಪರೀಕ್ಷೆ ಮಾಡಿಸದೇ ಇರುವ ಹಿರಿಯರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಕೈ ಉರಿದರೆ ಸಹಿಸಬೇಡಿ

ಕರಗಿಸಿದ ಏಸೈಕ್ಲೋವಿರ್ ಬಹಳ ಕ್ಷಾರಗುಣದ್ದು, ಸೋಪಿನ ನೀರಿಗಿಂತಲೂ ಹೆಚ್ಚು. ಎಲೆ ಅಡಿಕೆಗೆ ಸುಣ್ಣ ಹೆಚ್ಚಾದರೆ ಬಾಯಿ ಬೇಯುವುದಿಲ್ಲವೇ, ಹಾಗೆ ಇದು ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಮಾಂಸ ಬೇಯುತ್ತದೆ. ಸೂಜಿ ಹಾಕಿದ ಜಾಗದಲ್ಲಿ ಉರಿ, ಕೆಂಪು, ಊತ, ಬಿಗಿತ ಕಂಡರೆ ‘ಇನ್ನು ಸ್ವಲ್ಪವೇ ಉಳಿದಿದೆ’ ಎಂದು ಹಲ್ಲು ಕಚ್ಚಬೇಡಿ. ತಕ್ಷಣ ಹೇಳಿ, ಡ್ರಿಪ್ ನಿಲ್ಲಿಸಿ ಬೇರೆ ಕಡೆ ಸೂಜಿ ಹಾಕುತ್ತಾರೆ. ಊದಿದ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ, ಬಿಸಿನೀರಿನ ಚೀಲ ಇಡಬೇಡಿ. ಪ್ರಜ್ಞೆಯಿಲ್ಲದ ರೋಗಿ ಉರಿಯನ್ನು ಹೇಳಲಾರರು. ಅವರ ಕೈಯನ್ನು ಹೊದಿಕೆಯೊಳಗೆ ಮುಚ್ಚಿಡದೆ, ಡ್ರಿಪ್ ಹೋಗುತ್ತಿರುವಷ್ಟು ಹೊತ್ತೂ ನೋಡುತ್ತಿರಿ.

ಹೊರಗಿನಿಂದ ಔಷಧಿ ತರುವವರಿಗೆ ಒಂದೆರಡು ಮಾತು. ಸೀಸೆಗಳು 250 ಮತ್ತು 500 ಮಿ.ಗ್ರಾಂ. ಅಳತೆಯಲ್ಲಿ ಬರುತ್ತವೆ. ಮಿದುಳುಜ್ವರಕ್ಕೆ ದೊಡ್ಡವರ ಅಳತೆ ಒಂದು ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ., 8 ಗಂಟೆಗೊಮ್ಮೆ. 60 ಕೆ.ಜಿ. ತೂಗುವವರಿಗೆ ಒಂದು ಹೊತ್ತಿಗೆ 600 ಮಿ.ಗ್ರಾಂ. ಹಾಗಾಗಿ ಒಂದು ದೊಡ್ಡ ಸೀಸೆ, ಇನ್ನೊಂದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ಯಾಕೆ ಚೆಲ್ಲುತ್ತಾರೆ ಎಂದು ನಿಮ್ಮ ಹೊಟ್ಟೆ ಉರಿಯುವುದು ಸಹಜ. ಕರಗಿಸಿದ ಔಷಧಿ ಹೆಚ್ಚು ಹೊತ್ತು ಇಡುವಂಥದ್ದಲ್ಲ, ಫ್ರಿಜ್ಜಿನಲ್ಲಿಟ್ಟರಂತೂ ಹರಳುಗಟ್ಟುತ್ತದೆ. ಬಾಟಲಿಯಲ್ಲಿ ಮೋಡ ಕವಿದಂತೆ, ಪುಡಿ ತೇಲಿದಂತೆ ಕಂಡರೆ ಹಾಕಿಸಿಕೊಳ್ಳಬೇಡಿ, ಸಿಸ್ಟರ್ ಅವರಿಗೆ ತೋರಿಸಿ. ಭರ್ತಿಯಾದಾಗ ತೂಕ ಅಂದಾಜಿನಲ್ಲಿ ಹೇಳಬೇಡಿ, ಸಾಧ್ಯವಿದ್ದರೆ ತಕ್ಕಡಿಯಲ್ಲೇ ನೋಡಿಸಿ, ಅಳತೆಯೆಲ್ಲ ಅದರ ಮೇಲೆಯೇ ನಿಂತಿದೆ. ತೀರ ದಪ್ಪ ಇರುವವರಿಗೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಹಿಡಿಯುತ್ತಾರೆ.

ಐದನೆಯ ದಿನ ಮನೆಗೆ ಹೋಗುವ ಆಸೆ

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯ ವಿಷಯ. ಮಿದುಳುಜ್ವರದ ರೋಗಿ ಐದಾರು ದಿನಕ್ಕೆ ಕಣ್ಣುಬಿಟ್ಟು, ಹೆಸರು ಹಿಡಿದು ಕರೆದು, ಎರಡು ಇಡ್ಲಿ ತಿಂದರೆ ಮನೆಯವರಿಗೆ ಹಬ್ಬ. ‘ಇನ್ನು ಮಾತ್ರೆ ಬರೆದುಕೊಡಿ, ಮನೆಯಲ್ಲೇ ನೋಡಿಕೊಳ್ಳುತ್ತೇವೆ’ ಎನ್ನುತ್ತಾರೆ. ಕೂಲಿ ಕಳೆದುಕೊಂಡು ಕುಳಿತ ಮಗನ ಕಷ್ಟ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆ, ಸಾಲದ ಬಡ್ಡಿ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಚಿಕಿತ್ಸೆ 14ರಿಂದ 21 ದಿನ. ಮೊದಮೊದಲು 10 ದಿನ ಕೊಟ್ಟು ನೋಡಿದರು. ಕೆಲವರಿಗೆ ಕಾಯಿಲೆ ಮರುಕಳಿಸಿತು, ಅದಕ್ಕೇ ದಿನ ಹೆಚ್ಚಿಸಿದ್ದು. 21 ದಿನವೆಂದರೆ 63 ಡೋಸ್. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10, ಹೀಗೆ ವೇಳೆ ತಪ್ಪದೆ. ಮಿದುಳುಜ್ವರದಲ್ಲಿ ಮಾತ್ರೆ ಇದರ ಬದಲಿಯಲ್ಲ. ಸಹಿ ಹಾಕಿಕೊಟ್ಟು ಕರೆದುಕೊಂಡು ಹೋಗಿ, ಮರುಕಳಿಸಿದಾಗ ವಾಪಸ್ಸು ತರುವಷ್ಟರಲ್ಲಿ, ಉಳಿದಿದ್ದ ನೆನಪಿನ ಶಕ್ತಿಯೂ ಹೋಗಿರಬಹುದು.

ಹಣದ ತೊಂದರೆಯಿದ್ದರೆ ಔಷಧಿ ನಿಲ್ಲಿಸುವ ಮುಂಚೆ ಬಾಯಿಬಿಟ್ಟು ಹೇಳಿ. ಏಸೈಕ್ಲೋವಿರ್ ಇಂಜೆಕ್ಷನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಆದ್ದರಿಂದ ಅದರ ಬೆಲೆಗೆ ಸರ್ಕಾರದ ಮಿತಿಯಿದೆ. ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ, ಕಡಿಮೆ ಬೆಲೆಯದು ಇದೆಯೇ ಎಂದು ಡಾಕ್ಟರನ್ನೇ ಕೇಳಿ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನಿಮಗೆ ಅನ್ವಯಿಸುತ್ತದೆಯೇ ಎಂದು ರೇಷನ್ ಕಾರ್ಡು, ಆಧಾರ್ ಹಿಡಿದು ಭರ್ತಿಯಾದ ಮೊದಲ ದಿನವೇ ವಿಚಾರಿಸಿ. ಕೊನೆಯ ದಿನ ಬಿಲ್ಲು ಬಂದ ಮೇಲೆ ವಿಚಾರಿಸಿದರೆ ಕಷ್ಟ.

ಜೊತೆಗಿರುವವರಿಗೆ ಅಂಟುತ್ತದೆಯೇ ಎಂದು ಕೇಳುತ್ತೀರಿ. ಹರ್ಪಿಸ್ ಮಿದುಳುಜ್ವರದ ರೋಗಿಗೆ ಬೇರೆ ತಟ್ಟೆ ಲೋಟ ಇಡಬೇಕಾಗಿಲ್ಲ, ಮಾಮೂಲಿನಂತೆ ಕೈ ತೊಳೆದುಕೊಂಡರೆ ಸಾಕು. ಸರ್ಪಸುತ್ತಿನ ಗುಳ್ಳೆಯ ನೀರು ತಗುಲಿದರೆ, ಹಿಂದೆ ಅಮ್ಮ ಬಾರದವರಿಗೆ ಸೀತಾಳೆ ಸಿಡುಬು ಬರಬಹುದು. ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಅದನ್ನು ಬಟ್ಟೆಯಿಂದ ಮುಚ್ಚಿಡಿ. ಬಸುರಿಯರು, ಹಸುಗೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅಷ್ಟು ದಿನ ದೂರವಿರಲಿ. ಮೈಯೆಲ್ಲಾ ಹರಡಿದ್ದರೆ ಗಾಳಿಯಿಂದಲೂ ಹರಡುತ್ತದೆ, ಅದಕ್ಕೇ ಬೇರೆ ಕೋಣೆ. ಹಾಲುಣಿಸುವ ತಾಯಂದಿರಿಗೆ ಈ ಔಷಧಿ ಕೊಡುವಾಗ ಹಾಲು ಬಿಡಿಸಬೇಕಾಗಿಲ್ಲ. ಹಾಲಿಗೆ ಸೇರುವ ಪ್ರಮಾಣ ಅಲ್ಪ. ಎದೆಯ ಮೇಲೇ ಗುಳ್ಳೆಗಳಿದ್ದರೆ ಮಾತ್ರ ಆ ಕಡೆ ಕುಡಿಸಬಾರದು.

ಮನೆಗೆ ಹೋಗುವಾಗ ಕೊನೆಯ ಕ್ರಿಯಾಟಿನಿನ್ ಎಷ್ಟು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮಿದುಳುಜ್ವರದಿಂದ ಎದ್ದವರಿಗೆ ಮರೆವು, ಮುಂಗೋಪ, ಮಾತಿಗೆ ತಡವರಿಕೆ ತಿಂಗಳುಗಟ್ಟಲೆ ಇರಬಹುದು. ‘ಸೋಮಾರಿತನ’ ಎಂದು ಹಂಗಿಸಬೇಡಿ. ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ. ಚೆನ್ನಾಗಿ ಗುಣಮುಖರಾಗುತ್ತಿದ್ದವರು ಕೆಲವು ವಾರದ ಮೇಲೆ ಮತ್ತೆ ವಿಚಿತ್ರವಾಗಿ ವರ್ತಿಸತೊಡಗಿದರೆ, ಕೈ ಕಾಲು, ಮುಖ ತಾವಾಗಿ ಕುಣಿಯತೊಡಗಿದರೆ, ಕೂಡಲೇ ಕರೆತನ್ನಿ. ಅದು ವೈರಸ್ಸೇ ಮರಳಿದ್ದಿರಬಹುದು, ಅಥವಾ ದೇಹದ ರಕ್ಷಣಾಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದದ್ದಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ವೈರಸ್ ಪೂರ್ತಿ ಹೋಯಿತೇ ಎಂದು ಕೇಳಿದರೆ, ಇಲ್ಲ. ಏಸೈಕ್ಲೋವಿರ್ ಅದರ ಬೆಳವಣಿಗೆಯನ್ನು ತಡೆಯುತ್ತದೆ, ನರಗಂಟಿನಲ್ಲಿ ಅಡಗಿದ್ದನ್ನು ಕಿತ್ತುಹಾಕುವುದಿಲ್ಲ. ಸರ್ಪಸುತ್ತು ಬಾರದಂತೆ ತಡೆಯುವ ಲಸಿಕೆಯೊಂದು 2023ರಿಂದ ನಮ್ಮ ದೇಶದಲ್ಲಿ 50 ವರ್ಷ ದಾಟಿದವರಿಗೆ ಸಿಗುತ್ತಿದೆ. ಎರಡು ಸಲ, 2ರಿಂದ 6 ತಿಂಗಳ ಅಂತರದಲ್ಲಿ ಹಾಕಿಸಬೇಕು. ಬೆಲೆ ದುಬಾರಿ. ಈಗ ಸರ್ಪಸುತ್ತು ಎದ್ದಿರುವವರಿಗೆ ಇದು ಔಷಧಿಯಲ್ಲ, ಗುಣವಾದ ಮೇಲೆ ಯಾವಾಗ ಹಾಕಿಸಬಹುದೆಂದು ಡಾಕ್ಟರನ್ನು ಕೇಳಿ.

ಮಧ್ಯಾಹ್ನ 2 ಗಂಟೆಯ ಡೋಸಿಗೆ ಹೊತ್ತಾಗುತ್ತಿದೆ. ಆ ಡೋಸ್ ಇರುವವರ ಕಡೆಯವರು ವಾರ್ಡಿಗೆ ಹೊರಡಿ. ಉಳಿದವರು ಕುಳಿತಿರಿ, ಪ್ರಶ್ನೆಗಳಿದ್ದರೆ ಒಬ್ಬೊಬ್ಬರಾಗಿ ಕೇಳಬಹುದು.